ವೆಲ್ಸ್ ಊರಿನ ವಿಕರ್ಸ್ ಕ್ಲೋಸ್ ಬೀದಿ ಒಂದು ತುದಿಗೆ ಹತ್ತು ಅಡಿ ಕಿರಿದು. ಬೇಕಂತಲೇ ಮಾಡಿದ್ದಾ, ಒತ್ತುವರಿಯಾ?

ಸರಪಳಿ ಸರ್ವೇಯರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸಾಮರ್‌ಸೆಟ್ ಜಿಲ್ಲೆಯಲ್ಲಿ ವೆಲ್ಸ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಕ್ಯಾಥೆಡ್ರಲ್, ಅಂದರೆ ಬಿಷಪ್‌ನ ದೊಡ್ಡ ಚರ್ಚ್, ಅದರ ಪಕ್ಕದಲ್ಲಿ ವಿಕರ್ಸ್ ಕ್ಲೋಸ್ ಅನ್ನುವ ಬೀದಿ. ಉದ್ದ ಸುಮಾರು 460 ಅಡಿ. ಎರಡೂ ಕಡೆ ಕಲ್ಲಿನ ಮನೆಗಳ ಸಾಲು. ಒಂದು ತುದಿಯಲ್ಲಿ ಕಮಾನು, ಇನ್ನೊಂದು ತುದಿಯಲ್ಲಿ ಪುಟ್ಟ ಪ್ರಾರ್ಥನಾ ಮಂದಿರ. ಕಮಾನಿನ ಹತ್ತಿರ ಇರುವ ಅಗಲ ಆ ತುದಿ ಮುಟ್ಟುವಷ್ಟರಲ್ಲಿ ಹತ್ತು ಅಡಿ ಕಡಿಮೆಯಾಗುತ್ತದೆ. ನನ್ನ ಪ್ರಶ್ನೆ ಇಷ್ಟೇ. ಇದು ಕಟ್ಟುವಾಗಲೇ ಹೀಗೆ ಕಟ್ಟಿದ್ದಾ? ಇಲ್ಲ, ನಮ್ಮ ಕಡೆ ಆಗುವ ಹಾಗೆ ಆಮೇಲೆ ಒಬ್ಬೊಬ್ಬರು ಒಂದೊಂದು ಮೆಟ್ಟಿಲು, ಒಂದೊಂದು ಕಟ್ಟೆ ಮುಂದೆ ತಂದು ರಸ್ತೆ ತಿಂದಿದ್ದಾ?

ನಾನು ಭೂಮಾಪನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೆಚ್ಚು ಕಾಲ ಚಿತ್ರದುರ್ಗದಲ್ಲಿ, ಹೊಳಲ್ಕೆರೆ ಹಿರಿಯೂರು ಕಡೆ. ಹದ್ದುಬಸ್ತು, ಪೋಡಿ, ಬಾಂದು ಕಲ್ಲು ಹುಡುಕುವುದು, ಇದೇ ನನ್ನ ಜೀವನ. ಮಗಳು ಬ್ರಿಸ್ಟಲ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ವೆಲ್ಸ್‌ಗೆ ಕರೆದುಕೊಂಡು ಹೋದಳು. ರೈಲಿಲ್ಲ, ಬಸ್ಸಲ್ಲೇ ಹೋಗಬೇಕು. ಎಲ್ಲರೂ ಕ್ಯಾಥೆಡ್ರಲ್ ಮುಂದೆ ನಿಂತು ಕಲ್ಲಿನ ಮೂರ್ತಿಗಳ ಫೋಟೋ ತೆಗೆಯುತ್ತಿದ್ದರು. ನಾನು ಈ ಬೀದಿಗೆ ಹೋಗಿ ನಿಂತೆ.

ಕಮಾನಿನ ಕೆಳಗಿಂದ ನೋಡಿದರೆ ಮಂದಿರ ಬಹಳ ದೂರ ಕಾಣುತ್ತದೆ. ಅಲ್ಲಿಗೆ ನಡೆದು ಹೋಗಿ ತಿರುಗಿ ನೋಡಿದರೆ ಕಮಾನು ಇಲ್ಲೇ ಕೈಗೆ ಸಿಗುವಷ್ಟು ಹತ್ತಿರ. ಅದೇ ಬೀದಿ, ಅದೇ ಕಣ್ಣು. ಮೊಮ್ಮಗನನ್ನು ಒಂದು ತುದಿಯಲ್ಲಿ ನಿಲ್ಲಿಸಿ ಹೆಜ್ಜೆ ಹಾಕಿದೆ. ಜನ ನೋಡಿ ನಕ್ಕರು, ನಗಲಿ. ಎರಡು ಸಾಲೂ ಸಮಾನಾಂತರ ಇಲ್ಲ ಅಂತ ಅಷ್ಟರಲ್ಲೇ ಗೊತ್ತಾಯಿತು.

ನಮ್ಮ ಹಳೇ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಈ ಬೀದಿ ಹದಿನಾಲ್ಕು ಸರಪಳಿಗೆ ಎರಡು ಅಡಿ ಕಡಿಮೆ. ಹದಿನಾಲ್ಕು ಸರಪಳಿಯಲ್ಲಿ ಹತ್ತು ಅಡಿ ಜಾರಿದೆ ಅಂದರೆ 46 ಅಡಿಗೆ ಒಂದಡಿ. ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದರೆ ನಮ್ಮ ಮೇಲಿನವರು ಮತ್ತೆ ಅಳೆದುಕೊಂಡು ಬಾ ಅಂತ ವಾಪಸ್ ಕಳಿಸುತ್ತಿದ್ದರು.

ನಮ್ಮ ದಾವಣಗೆರೆ ಚೌಕಿಪೇಟೆಯಲ್ಲಿ ಬೀದಿ ಒಂದು ಕಡೆ ಕಿರಿದಾದರೆ ಕಾರಣ ಹೇಳಲು ನನಗೆ ಯಾರ ಸಹಾಯವೂ ಬೇಡ. ಅಂಗಡಿಯವನು ಮೊದಲು ಚರಂಡಿ ಮೇಲೆ ಕಲ್ಲು ಚಪ್ಪಡಿ ಹಾಕುತ್ತಾನೆ, ಆಮೇಲೆ ಅದರ ಮೇಲೆ ಸಾಮಾನು ಇಡುತ್ತಾನೆ, ಆಮೇಲೆ ತಗಡು, ಆಮೇಲೆ ಗೋಡೆ. ಆದರೆ ಅಲ್ಲಿ ಸಾಲು ಸೀದಾ ಇದೆ. ಒಂದೇ ಕೈ ಕಟ್ಟಿದ ಹಾಗಿದೆ. ಅದಕ್ಕೇ ಈ ಪ್ರಶ್ನೆ. ಅಲ್ಲಿ ಇರುವವರು, ಓದಿದವರು ಯಾರಾದರೂ ಹೇಳಿ. ಮಗಳು "ಅಪ್ಪಾ, ಚಂದ ಇದೆ ಅಲ್ವಾ, ಸಾಕು ಬಿಡಿ" ಅನ್ನುತ್ತಾಳೆ. ಅಷ್ಟಕ್ಕೆ ಬಿಟ್ಟರೆ ಸರ್ವೇಯರ್ ಯಾಕೆ ಆಗಬೇಕಿತ್ತು?

ಮಂಡಕ್ಕಿ ಮಲ್ಲು

ಸರ್, ಫೋಟೋ ಹುಡುಕಿ ನೋಡಿದೆ. ಇದು ಅಗ್ರಹಾರ ಅಲ್ವಾ? ದೇವಸ್ಥಾನ ಒಂದು ಕಡೆ, ಪೂಜೆ ಮಾಡುವವರ ಮನೆಗಳು ಎದುರುಬದುರು ಎರಡು ಸಾಲು. ಹರಿಹರದಲ್ಲಿ ಹರಿಹರೇಶ್ವರ ಗುಡಿ ಹತ್ತಿರ ಇರುವ ಹಳೇ ಬೀದಿಗಳನ್ನು ನೋಡಿ, ಅಲ್ಲೂ ಇದೇ ಲೆಕ್ಕ. ಮನೆ ಚಿಮಣಿಗಳು ಮಾತ್ರ ಯಾಕೋ ವಿಪರೀತ ಉದ್ದ ಕಂಡವು. ಬೀದಿ ಕಡೆಗೇ ಇವೆ ಬೇರೆ. ನಮ್ಮ ಕಡೆ ಹೊಗೆಗೂಡು ಹಿತ್ತಲ ಕಡೆಗಿರುತ್ತದೆ. ಮುಂಬಾಗಿಲಲ್ಲಿ ಹೊಗೆ ಬಿಟ್ಟರೆ ಎದುರು ಮನೆಯವರು ಸುಮ್ನೆ ಬಿಡ್ತಾರಾ?

ಒತ್ತುವರಿ ಅಂತೂ ಅಲ್ಲ ಬಿಡಿ. ಒತ್ತುವರಿ ಮಾಡಿದವರು ಇಷ್ಟು ನೀಟಾಗಿ ಮಾಡಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಬುರುಜನಹಟ್ಟಿ ಸಿಸ್ಟರ್

ಸರ್, ನಮಸ್ಕಾರ. ನಾನು ಚಿತ್ರದುರ್ಗದವಳು. ಸಾಮರ್‌ಸೆಟ್‌ನಲ್ಲೇ ನರ್ಸ್ ಕೆಲಸ ಮಾಡುತ್ತೇನೆ. ರಜೆ ಇದ್ದಾಗ ಮನೆಗೆ ಬಂದ ನೆಂಟರನ್ನೆಲ್ಲ ವೆಲ್ಸ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ. ಹಾಗಾಗಿ ಈ ಬೀದಿ ಕಥೆ ಬಾಯಿಪಾಠ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಮೊದಲು ಅಲ್ಲಿ ಯಾರಿದ್ದರು ಅಂತ ತಿಳಿದರೆ ಉಳಿದದ್ದು ಸುಲಭ. ಕ್ಯಾಥೆಡ್ರಲ್‌ನಲ್ಲಿ ದಿನಾ ಬೆಳಗ್ಗೆಯಿಂದ ರಾತ್ರಿವರೆಗೆ ಹೊತ್ತು ಹೊತ್ತಿಗೆ ಪ್ರಾರ್ಥನೆ ಹಾಡಬೇಕಿತ್ತು. ಅದು ಕ್ಯಾನನ್ ಅನ್ನುವ ದೊಡ್ಡ ಪಾದ್ರಿಗಳ ಕೆಲಸ. ಅವರಿಗೆ ಅದಕ್ಕಂತಲೇ ಜಮೀನಿನ ಆದಾಯವೂ ಇತ್ತು. ಆದರೆ ಎಷ್ಟೋ ಜನ ಆದಾಯ ತಗೊಂಡು ಬೇರೆ ಊರಲ್ಲಿ, ಬೇರೆ ಕೆಲಸದಲ್ಲಿ ಇರುತ್ತಿದ್ದರು. ತಮ್ಮ ಜಾಗಕ್ಕೆ ಸಂಬಳ ಕೊಟ್ಟು ಒಬ್ಬ ಬದಲಿ ಆಳನ್ನು ನಿಲ್ಲಿಸುತ್ತಿದ್ದರು. ಈ ಬದಲಿ ಹಾಡುಗಾರರೇ ವಿಕರ್‌ಗಳು. ಸಂಬಳ ಕಡಿಮೆ, ಕೆಲಸ ಪೂರ್ತಿ. ನಮ್ಮ ಕಡೆ ಗುತ್ತಿಗೆ ನರ್ಸ್‌ಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇವರು ಊರೊಳಗೆ ಅಲ್ಲೊಬ್ಬ ಇಲ್ಲೊಬ್ಬ ಬಾಡಿಗೆಗೆ ಇದ್ದರು. ವಯಸ್ಸಿನ ಗಂಡಸರು, ಮದುವೆ ಆಗುವ ಹಾಗಿಲ್ಲ, ಸುತ್ತ ಸಂತೆ, ಹೆಂಡದಂಗಡಿ. ಮೇಲಿನವರಿಗೆ ತಲೆನೋವು. ಆಗ ರಾಲ್ಫ್ ಆಫ್ ಶ್ರೂಸ್‌ಬರಿ ಅನ್ನುವ ಬಿಷಪ್ 1348ರಲ್ಲಿ ಇವರಿಗೆಲ್ಲ ಒಂದು ಸಂಘ ಮಾಡಿ, ಜಾಗ ಕೊಟ್ಟು, ಊಟಕ್ಕೆ ಒಂದು ದೊಡ್ಡ ಹಾಲ್ ಕಟ್ಟಿಸಿದ. ನೀವು ಕಮಾನು ಅಂದಿರಲ್ಲ ಸರ್, ಅದರ ಮೇಲಿರುವುದೇ ಆ ಹಾಲ್. ಎಲ್ಲರೂ ಒಟ್ಟಿಗೆ ಅಲ್ಲೇ ಉಣ್ಣಬೇಕು. ಬೆಂಕಿಗೂಡಿನ ಪಕ್ಕದಲ್ಲಿ ನಿಂತು ಓದಲು ಒಂದು ಕಲ್ಲಿನ ಪೀಠ ಇದೆ. ಉಣ್ಣುವಾಗಲೂ ಹರಟೆ ಬೇಡ, ಧರ್ಮದ ಮಾತು ಕೇಳಿ ಅಂತ.

ಮನೆಗಳು ಅಲ್ಲಿಂದ ಮುಂದೆ ನಿಧಾನಕ್ಕೆ ಎದ್ದವು. 1412ರ ಹೊತ್ತಿಗೆ ಸಾಲು ಮುಗಿದಿತ್ತು. ಒಟ್ಟು 42. ಒಂದು ಪಕ್ಕ 22, ಇನ್ನೊಂದು ಪಕ್ಕ 20. ಒಬ್ಬನಿಗೆ ಒಂದು ಮನೆ. ಕೆಳಗೆ ಒಂದು ಕೋಣೆ, ಮೇಲೆ ಒಂದು ಕೋಣೆ, ಸುಮಾರು 20 ಅಡಿ ಉದ್ದ 13 ಅಡಿ ಅಗಲ. ಎರಡರಲ್ಲೂ ಒಂದೊಂದು ಬೆಂಕಿಗೂಡು. ಬೆಂಕಿಗೂಡು ಇರುವುದು ಮುಂದಿನ ಗೋಡೆಯಲ್ಲಿ. ಮಲ್ಲು ಅಣ್ಣ ಕೇಳಿದ ಚಿಮಣಿ ಬೀದಿ ಕಡೆಗೆ ಬಂದಿದ್ದು ಹೀಗೆ.

ಅವು ಅಷ್ಟು ಎತ್ತರ ಇರುವುದಕ್ಕೆ ಇನ್ನೊಬ್ಬ ಬಿಷಪ್ ಕಾರಣ. ಥಾಮಸ್ ಬೆಕಿಂಗ್ಟನ್ ಅಂತ. 1465ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಹಣದಲ್ಲಿ ಉಯಿಲು ನೋಡಿಕೊಳ್ಳುತ್ತಿದ್ದವರು ಈ ಮನೆಗಳನ್ನು ರಿಪೇರಿ ಮಾಡಿಸಿ ಚಿಮಣಿ ಎತ್ತರಿಸಿದರು. ಹತ್ತಿರ ಹೋಗಿ ತಲೆ ಎತ್ತಿ ನೋಡಿದರೆ ಚಿಮಣಿ ಮೇಲೆ ಕಲ್ಲಿನ ಗುರಾಣಿ ಕೆತ್ತಿದ್ದಾರೆ. ಬಿಷಪ್‌ನ ಲಾಂಛನ ಇದೆ, ಪಕ್ಕದಲ್ಲೇ ಉಯಿಲು ನೋಡಿಕೊಂಡವರ ಲಾಂಛನವೂ ಇದೆ! ದುಡ್ಡು ಅವನದು, ಹೆಸರಲ್ಲಿ ಇವರಿಗೂ ಪಾಲು. ಗುಡಿಗೆ ಟ್ಯೂಬ್‌ಲೈಟ್ ಕೊಟ್ಟು ಅದರ ಮೇಲೆ ಹೆಸರು ಬರೆಸುವವರು ಎಲ್ಲಾ ಕಾಲದಲ್ಲೂ ಇದ್ದರು ಅಂತ ಪ್ರತಿ ಸಲ ನಗು ಬರುತ್ತದೆ.

ನಾನು ನೆಂಟರಿಗೆ ತಪ್ಪದೆ ಹೇಳುವ ಮಾತು ಇನ್ನೊಂದಿದೆ. 1348 ಅಂದರೆ ಇಂಗ್ಲೆಂಡಿಗೆ ಪ್ಲೇಗ್ ಬಂದ ವರ್ಷ. ದಕ್ಷಿಣ ಕರಾವಳಿಯಲ್ಲಿ ಬೇಸಿಗೆಗೆ ಶುರುವಾಗಿ ಚಳಿಗಾಲಕ್ಕೆ ಈ ಕಡೆ ಹಬ್ಬಿತು. ಸಾಯುವವರ ಮನೆಗೆ ಹೋಗಬೇಕಾದವರು ಪಾದ್ರಿಗಳೇ. ಹಾಗಾಗಿ ಅವರೇ ಜಾಸ್ತಿ ಸತ್ತರು. ಈ ಭಾಗದಲ್ಲಿ ಅರ್ಧಕ್ಕೆ ಹತ್ತಿರ ಪಾದ್ರಿಗಳು ಹೋದರು. 1349ರ ಜನವರಿಯಲ್ಲಿ ಇದೇ ರಾಲ್ಫ್ ಬಿಷಪ್ ಒಂದು ಪತ್ರ ಬರೆದು ಎಲ್ಲಾ ಚರ್ಚುಗಳಿಗೆ ಕಳಿಸಿದ. ಸಾಯುವ ಹೊತ್ತಿಗೆ ಪಾದ್ರಿ ಸಿಗದಿದ್ದರೆ ಹತ್ತಿರ ಇರುವ ಯಾರ ಮುಂದಾದರೂ ಪಾಪ ನಿವೇದನೆ ಮಾಡಿಕೊಳ್ಳಿ, ಗಂಡಸು ಇಲ್ಲದಿದ್ದರೆ ಹೆಂಗಸಿನ ಮುಂದೆಯೂ ಆಗಬಹುದು ಅಂತ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಕೋವಿಡ್ ವಾರ್ಡಿನಲ್ಲಿ ಮನೆಯವರನ್ನು ಒಳಗೆ ಬಿಡದೇ ಇದ್ದಾಗ ಎಷ್ಟೋ ಜನರ ಕೊನೆ ಮಾತು ಕೇಳಿದವರು ನಾವೇ, ನರ್ಸ್‌ಗಳು. ಅದಕ್ಕೇ ಈ ಪತ್ರ ನನಗೆ ಮುಖ್ಯ. ಹೊಸ ಹಾಲ್ ಕಟ್ಟಿ ಮುಗಿಸಿದ ವರ್ಷವೇ ಅಲ್ಲಿ ಕೂತು ಉಣ್ಣಬೇಕಾದವರ ಮನೆಬಾಗಿಲಿಗೆ ಸಾವು ಬಂದಿತ್ತು.

ಇನ್ನು ನಿಮ್ಮ ಹತ್ತು ಅಡಿ. ಅಲ್ಲಿನ ಎಲ್ಲಾ ಪುಸ್ತಕ, ಎಲ್ಲಾ ಗೈಡ್ ಹೇಳುವುದು ಒಂದೇ. ಕಮಾನಿನ ಕಡೆಯಿಂದ ನೋಡಿದರೆ ಬೀದಿ ಉದ್ದ ಕಾಣಲಿ ಅಂತ ಬೇಕಂತಲೇ ಕಿರಿದು ಮಾಡಿದ್ದಾರೆ ಅಂತ. ಬಿಷಪ್ ಬರುವುದು ಆ ಕಡೆಯಿಂದ ತಾನೇ.

ಸರಪಳಿ ಸರ್ವೇಯರ್, ದಾವಣಗೆರೆ

ತಂಗಿ, ಬಹಳ ಸಂತೋಷ ಆಯಿತು. ನೀವು ಕೊಟ್ಟ ಅಳತೆ ಇಟ್ಟುಕೊಂಡು ರಾತ್ರಿ ಕೂತು ಲೆಕ್ಕ ಹಾಕಿದೆ. ಮನೆಯವಳು ಮಲಗಿ ಅಂತ ಎರಡು ಸಲ ಕೂಗಿದಳು.

22 ಮನೆ, 20 ಅಡಿಯಂತೆ 440 ಅಡಿ. ಬೀದಿ 460. ಅಂದರೆ 20 ಅಡಿ ಇರುವುದು ಬೀದಿ ಉದ್ದಕ್ಕೆ, 13 ಅಡಿ ಒಳಕ್ಕೆ. ನಡುವಿನ ಗೋಡೆಗಳಿಗೆ ಉಳಿಯುವುದು ಇಪ್ಪತ್ತೇ ಅಡಿ, ಕಲ್ಲಿನ ಗೋಡೆಗೆ ಅದು ಬಿಗಿ. ಸುಮಾರು ಅಂತ ಬರೆದ ಅಳತೆ, ಸ್ವಲ್ಪ ಹಿಂದೆ ಮುಂದೆ ಇರುತ್ತದೆ. ಆದರೂ ಲೆಕ್ಕ ಕೂಡಿತು. ಇದನ್ನು ನೋಡಿ ನನಗೆ ಒಂದು ಖಾತ್ರಿಯಾಯಿತು. ಇದು ಒಬ್ಬೊಬ್ಬರಿಗೆ ಸೈಟ್ ಕೊಟ್ಟು ಕಟ್ಟಿಕೊಳ್ಳಿ ಅಂದ ಬಡಾವಣೆ ಅಲ್ಲ. ಮೊದಲೇ ಹಗ್ಗ ಹಿಡಿದು ಗುರುತು ಹಾಕಿ, ಒಂದೇ ಅಳತೆಗೆ ಎಬ್ಬಿಸಿದ್ದು. ಇಷ್ಟು ಕಟ್ಟಾಗಿ ಗುರುತು ಹಾಕಿದವನಿಗೆ ಹತ್ತು ಅಡಿ ಕೈತಪ್ಪಿತು ಅಂದರೆ ನಂಬುವ ಮಾತಲ್ಲ. ಒತ್ತುವರಿ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಒಂದು ಮನೆಯ ಕೆಳಗಿನ ಕೋಣೆ 260 ಚದರಡಿ. ನಮ್ಮ 20-30 ಸೈಟಿನ ಅರ್ಧಕ್ಕೂ ಕಡಿಮೆ. ಆದರೆ ಒಬ್ಬನಿಗೆ ಮೇಲೊಂದು ಕೆಳಗೊಂದು, ಎರಡಕ್ಕೂ ಬೆಂಕಿ. ಆ ಕಾಲದಲ್ಲಿ ಕೂಲಿಯವನು ಹೆಂಡತಿ ಮಕ್ಕಳು ದನದ ಜೊತೆ ಒಂದೇ ಗುಡಿಸಲಲ್ಲಿ ಮಲಗುತ್ತಿದ್ದ. ಹಾಗೆ ನೋಡಿದರೆ ಬದಲಿ ಹಾಡುಗಾರನಿಗೆ ವಸತಿ ಚೆನ್ನಾಗಿಯೇ ಕೊಟ್ಟಿದ್ದಾರೆ. ಸಂಬಳದಲ್ಲಿ ಹಿಡಿದದ್ದನ್ನು ಮನೆಯಲ್ಲಿ ಕೊಟ್ಟರು ಅನ್ನಿ.

ಆದರೆ ಗೈಡ್ ಹೇಳುವ ಕಾರಣ ಮಾತ್ರ ನನಗೆ ಪೂರ್ತಿ ಒಪ್ಪಿಗೆ ಆಗಲ್ಲ. ಬಿಷಪ್ ಕಣ್ಣಿಗೆ ಚಂದ ಕಾಣಲಿ ಅಂತ ಒಬ್ಬನೇ ಒಂದೇ ವರ್ಷದಲ್ಲಿ ಕಟ್ಟಿಸಿದ್ದರೆ ಸರಿ. ಇಲ್ಲಿ ಅರವತ್ತು ವರ್ಷ ಎಳೆದಿದೆ. ನಡುವೆ ಪ್ಲೇಗ್ ಬಂದು ಹೋಗಿದೆ. ರಾಲ್ಫ್ ಬಿಷಪ್ ಪೂರ್ತಿ ಬೀದಿ ನೋಡಲೇ ಇಲ್ಲ. ಒಂದು ಸಾಲು ಎದ್ದ ಮೇಲೆ ಎದುರು ಸಾಲಿಗೆ ಗುರುತು ಹಾಕುವವನು ಮೊದಲು ನೋಡುವುದು ಹಿಂದಿನ ಜಮೀನು ಯಾರದು, ಗಡಿ ಎಲ್ಲಿದೆ ಅಂತ. ಕೊಟ್ಟ ಜಾಗವೇ ಓರೆ ಇದ್ದರೆ ಸಾಲೂ ಓರೆ. ಹಾಗೆ ಓರೆ ಬಂದದ್ದು ಕಣ್ಣಿಗೆ ಚಂದವೂ ಕಂಡಿರಬೇಕು, ಬಿಡು ಹೀಗೇ ಇರಲಿ ಅಂದಿರಬೇಕು. ನಲವತ್ತು ಹಳ್ಳಿಯ ಗಡಿ ಅಳೆದವನ ಅಭಿಪ್ರಾಯ ಇದು. ಗೈಡ್‌ಗಳು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಇನ್ನೊಂದು. ಮನೆ ಮುಂದೆ ಪುಟ್ಟ ಕೈತೋಟ, ಅದಕ್ಕೊಂದು ಗೋಡೆ, ಗೋಡೆಗೊಂದು ಬಾಗಿಲು ಇದೆಯಲ್ಲ. ಅದು ಮೊದಲಿನಿಂದ ಇದ್ದಿದ್ದಾ?

ಬುರುಜನಹಟ್ಟಿ ಸಿಸ್ಟರ್

ಇಲ್ಲ ಸರ್. ಕೈತೋಟದ ಗೋಡೆ ಬಂದದ್ದು ಆಮೇಲೆ, 15ನೇ ಶತಮಾನದಲ್ಲಿ. ಮೊದಲು ಮನೆ ಬಾಗಿಲು ತೆಗೆದರೆ ನೇರ ಬಯಲು. ಎರಡೂ ಸಾಲಿನ ನಡುವೆ ಒಂದೇ ಅಂಗಳ.

ಸರಪಳಿ ಸರ್ವೇಯರ್, ದಾವಣಗೆರೆ

ಹಾಗಾದರೆ ಮಲ್ಲು, ಇದು ಅಗ್ರಹಾರ ಅಲ್ಲಪ್ಪ. ಅಗ್ರಹಾರದಲ್ಲಿ ಸಂಸಾರ ಇರುತ್ತದೆ, ಜಮೀನು ದಾನ ಬಂದಿರುತ್ತದೆ, ಮಗ ಮೊಮ್ಮಗ ಅಂತ ಹಕ್ಕು ಇಳಿಯುತ್ತದೆ. ಇಲ್ಲಿ ಒಂಟಿ ಗಂಡಸರು, ಮನೆ ಸಂಘದ್ದು, ಸತ್ತರೆ ಬೇರೆಯವನು ಬರುತ್ತಾನೆ. ಊಟ ಒಂದೇ ಕಡೆ. ಮುಂದೆ ಬಾಗಿಲು, ಹಿಂದೆ ಮಂದಿರ, ನಡುವೆ ಅಂಗಳ. ಇದು ಮಠದ ವಿದ್ಯಾರ್ಥಿ ನಿಲಯದ ಲೆಕ್ಕ. ಬೀದಿ ಅಂತ ಕಟ್ಟಿದ್ದೇ ಅಲ್ಲ. ಬೀದಿ ಅಂದರೆ ಈ ಕಡೆಯಿಂದ ಬಂದವನು ಆ ಕಡೆ ಹೋಗಬೇಕು. ಇಲ್ಲಿ ಬಂದವನು ತಿರುಗಿ ಅದೇ ಬಾಗಿಲಲ್ಲಿ ಹೋಗಲಿ ಅಂತ ಕಟ್ಟಿದ್ದಾರೆ.

ಮಂಡಕ್ಕಿ ಮಲ್ಲು

ಹಾಸ್ಟೆಲ್ ಅಂತೀರಾ. ಸರಿ ಸರ್, ಹಾಗಾದರೆ ಹಾಸ್ಟೆಲ್ ಹುಡುಗರು ಗೋಡೆ ಹಾರಿದ್ದು ಯಾವಾಗ? ಅದನ್ನೂ ಹೇಳಿ ಸಿಸ್ಟರ್.

ಬುರುಜನಹಟ್ಟಿ ಸಿಸ್ಟರ್

ಗೋಡೆ ಹಾರುವ ಕೆಲಸವೇ ಬರಲಿಲ್ಲ ಅಣ್ಣ, ಕಾನೂನೇ ಬದಲಾಯಿತು. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚ್ ರೋಮ್‌ನಿಂದ ಬೇರೆಯಾಯಿತಲ್ಲ. ಆಮೇಲೆ ಪಾದ್ರಿಗಳು ಮದುವೆ ಆಗಬಹುದು ಅಂತಾಯಿತು. ಹೆಂಡತಿ ಬಂದಳು, ಮಕ್ಕಳಾದವು. ಒಂದು ಕೋಣೆ ಮೇಲೆ ಒಂದು ಕೋಣೆ ಸಾಲದು. ಅದೇ ಹೊತ್ತಿಗೆ ಹಾಡುಗಾರರ ಸಂಖ್ಯೆಯೂ ಇಳಿಯಿತು. ಖಾಲಿ ಬಿದ್ದ ಪಕ್ಕದ ಮನೆಯ ಗೋಡೆ ಒಡೆದು ಎರಡು ಮನೆ ಒಂದು ಮಾಡಿಕೊಂಡರು. ಈಗ 42 ಬಾಗಿಲು ಇಲ್ಲ, ಎಣಿಸಿದರೆ ಗೊತ್ತಾಗುತ್ತದೆ. ಆದರೆ ಚಿಮಣಿ ಹಾಗೇ ಉಳಿದಿವೆ. ಒಂದೇ ಮನೆಗೆ ಎರಡೆರಡು ಚಿಮಣಿ ಕಂಡರೆ ಅಲ್ಲಿ ಗೋಡೆ ಒಡೆದಿದ್ದಾರೆ ಅಂತ ಅಂದಾಜು ಮಾಡಬಹುದು. ಕಿಟಕಿಗಳು ಕೂಡ ಒಂದೊಂದು ಮನೆಗೆ ಒಂದೊಂದು ಕಾಲದವು. ಉದ್ದಕ್ಕೆ ನೋಡಿದರೆ ಎಲ್ಲಾ ಒಂದೇ ಅನ್ನಿಸುತ್ತದೆ, ಒಂದೊಂದೇ ಬಾಗಿಲ ಮುಂದೆ ನಿಂತರೆ ಯಾವುದೂ ಒಂದೇ ಥರ ಇಲ್ಲ.

ಇವತ್ತಿಗೂ ಕ್ಯಾಥೆಡ್ರಲ್‌ನಲ್ಲಿ ಹಾಡುವವರು ಅಲ್ಲೇ ವಾಸ ಇದ್ದಾರೆ. ನಾನು ಒಮ್ಮೆ ಸಂಜೆ ಹೋದಾಗ ಒಬ್ಬರು ಸೈಕಲ್ ಒಳಗೆ ತಳ್ಳಿಕೊಂಡು, ಕೈಯಲ್ಲಿ ತರಕಾರಿ ಚೀಲ ಹಿಡಿದು, ಏನೋ ಗುನುಗುತ್ತಾ ಬಾಗಿಲು ತೆಗೆದರು. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ನಿಲುವಂಗಿ ಹಾಕಿಕೊಂಡು ಹಾಡುವವರ ಸಾಲಲ್ಲಿ ನಿಂತಿದ್ದರು. ಈ ಬೀದಿಯ ಬಗ್ಗೆ ಅಲ್ಲಿಯವರು ದೊಡ್ಡದಾಗಿ ಹೇಳಿಕೊಳ್ಳುವುದೂ ಇದನ್ನೇ. ಕಟ್ಟಿದ ಮನೆಗಳೂ ಉಳಿದಿವೆ, ಯಾರಿಗೆ ಕಟ್ಟಿದರೋ ಆ ಕೆಲಸದವರೂ ಉಳಿದಿದ್ದಾರೆ.

ಸರ್, ನೀವು ಚೈನ್ ಗೇಟ್ ನೋಡಿದಿರಾ? ಅದೂ ನಿಮ್ಮ ಹಾಸ್ಟೆಲ್ ಮಾತಿಗೆ ಪುಷ್ಟಿ ಕೊಡುತ್ತದೆ. ಊಟದ ಹಾಲ್‌ನಿಂದ ಕ್ಯಾಥೆಡ್ರಲ್‌ಗೆ ರಸ್ತೆ ಮೇಲೆ ಒಂದು ಸೇತುವೆ ಇದೆ, 1459ರ ಸುಮಾರಿಗೆ ಅದೇ ಬೆಕಿಂಗ್ಟನ್ ಕಟ್ಟಿಸಿದ್ದು. ಹಾಡುಗಾರರು ಊರಿನ ರಸ್ತೆಗೆ ಕಾಲಿಡದೆ ನೇರ ಒಳಗೆ ಹೋಗಬಹುದು. ಸೇತುವೆ ಮುಗಿದ ಮೇಲೆ ಅಗಲವಾದ ಕಲ್ಲಿನ ಮೆಟ್ಟಿಲು ಸಾಲು ಇಳಿಯುತ್ತದೆ. ನಡು ನಡು ಸವೆದು ತಗ್ಗಾಗಿದೆ. ಎಷ್ಟು ಜನರ ಕಾಲೋ. ಮಳೆಗಾಲಕ್ಕೆ ಅನುಕೂಲ ಅಂತಲೂ ಹೇಳಬಹುದು, ಊರಿನ ಕಡೆ ಮುಖ ಹಾಕಬೇಡಿ ಅಂತಲೂ ಹೇಳಬಹುದು.

ಸರಪಳಿ ಸರ್ವೇಯರ್, ದಾವಣಗೆರೆ

ಮೆಟ್ಟಿಲು ನೋಡಿದೆ ತಂಗಿ. ಮೊಣಕಾಲು ನೋವು, ಮಗಳು ಹತ್ತಲು ಬಿಡಲಿಲ್ಲ. ಕೆಳಗೆ ನಿಂತು ನೋಡಿದೆ. ಸವೆತ ಎಡಕ್ಕೆ ಜಾಸ್ತಿ ಇದ್ದ ಹಾಗೆ ಕಂಡಿತು.

ಆ ಬೆಕಿಂಗ್ಟನ್ ಬರೀ ಚಿಮಣಿ ಸೇತುವೆ ಮಾಡಿಸಿದವನೋ, ಊರಿಗೂ ಏನಾದರೂ ಮಾಡಿದನೋ? ಊರಿನ ದೊಡ್ಡ ಬೀದಿಯಲ್ಲಿ ಎರಡೂ ಪಕ್ಕ ಕಲ್ಲಿನ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಚರಂಡಿ ಅಂದುಕೊಂಡು ಬಗ್ಗಿ ನೋಡಿದರೆ ತಿಳಿನೀರು. ಬೇಸಿಗೆಯಲ್ಲೂ ನಿಂತಿರಲಿಲ್ಲ.

ಬುರುಜನಹಟ್ಟಿ ಸಿಸ್ಟರ್

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಅದು ಅವನದ್ದೇ ಕೊಡುಗೆ. ಬಿಷಪ್ ಅರಮನೆ ಒಳಗೆ ಬುಗ್ಗೆಗಳಿವೆ. 1451ರಲ್ಲಿ ಬೆಕಿಂಗ್ಟನ್ ಅಲ್ಲಿಂದ ಊರಿನ ಸಂತೆ ಮಾಳಕ್ಕೆ ಕೊಳವೆಯಲ್ಲಿ ನೀರು ತರಲು ಊರಿನವರಿಗೆ ಒಪ್ಪಿಗೆ ಕೊಟ್ಟ. ಹೆಚ್ಚಾಗಿ ಉಳಿದ ನೀರು ಬೀದಿ ಕಾಲುವೆಗೆ. ಬದಲಿಗೆ ಊರಿನ ಮುಖ್ಯಸ್ಥರು ವರ್ಷಕ್ಕೊಮ್ಮೆ ಅವನ ಸಮಾಧಿಗೆ ಬಂದು ಅವನ ಆತ್ಮಕ್ಕಾಗಿ ಪ್ರಾರ್ಥನೆ ಮಾಡಬೇಕು. ಕರಾರು ಅಷ್ಟೇ. ಅದಕ್ಕೂ ನೂರು ವರ್ಷ ಹಿಂದೆ ಅದೇ ರಾಲ್ಫ್ ಬಿಷಪ್ ಊರಿನವರ ಜೊತೆ ತಕರಾರು ಮಾಡಿಕೊಂಡು ಅರಮನೆ ಸುತ್ತ ಗೋಡೆ ಎಬ್ಬಿಸಿ, ಕಂದಕ ತೋಡಿಸಿ, ಅದೇ ಬುಗ್ಗೆ ನೀರು ತುಂಬಿಸಿಕೊಂಡಿದ್ದ. ಒಂದೇ ನೀರು. ಒಬ್ಬ ಊರನ್ನು ಹೊರಗಿಡಲು ಬಳಸಿದ, ಇನ್ನೊಬ್ಬ ಊರಿಗೆ ಬಿಟ್ಟ. ಈಗ ಆ ಕಂದಕದಲ್ಲಿ ಹಂಸಗಳಿವೆ, ಹಸಿವಾದರೆ ಗಂಟೆ ದಾರ ಎಳೆಯುತ್ತವೆ.

ನಾನು ಬೆಳೆದದ್ದು ನಮ್ಮ ಕೋಟೆ ಬುಡದಲ್ಲಿ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಅಂತ ಅಜ್ಜ ಹೇಳುತ್ತಿದ್ದರು. ಅಲ್ಲಿ ಬೀದಿಯಲ್ಲಿ ನೀರು ಹರಿಯುವುದು ನೋಡಿದಾಗ ಮೊದಲು ಆ ಮಾತೇ ನೆನಪಾಯಿತು. ನಮ್ಮ ನಾಯಕರು ನೀರಿಗೆ ಪ್ರಾರ್ಥನೆ ಕರಾರು ಹಾಕಿಸಿಕೊಂಡ ಹಾಗೆ ಕೇಳಿಲ್ಲ.

ಮಂಡಕ್ಕಿ ಮಲ್ಲು

ಕಂದಾಯ ಹಾಕಿಸಿಕೊಂಡಿರುತ್ತಾರೆ ಬಿಡಿ ಸಿಸ್ಟರ್.

ನನ್ನ ಅಣ್ಣನ ಮಗ ಈ ಸಲ ಬ್ರಿಸ್ಟಲ್‌ಗೆ ಓದಲು ಹೋಗುತ್ತಿದ್ದಾನೆ. ಸರ್, ಅವನ ಕೈಯಲ್ಲಿ ಟೇಪ್ ಕಳಿಸಲಾ? ನೀವು ಹೇಳಿದ ಓರೆ ಹಿಂದಿನ ಗೋಡೆಯಲ್ಲೂ ಇದೆಯಾ ಅಂತ ಅಳೆದು ಬರಲಿ.

ಸರಪಳಿ ಸರ್ವೇಯರ್, ದಾವಣಗೆರೆ

ಕಳಿಸು. ಆದರೆ ಹಿಂದಿನ ಗೋಡೆ ಜನರ ಹಿತ್ತಲು, ಕೇಳದೆ ನುಗ್ಗಬಾರದು ಅಂತ ಹೇಳು. ಬೀದಿಯಲ್ಲಿ ಅಳೆದರೆ ಸಾಕು. ಕಮಾನಿನಿಂದ ಶುರು ಮಾಡಿ ಪ್ರತಿ 33 ಅಡಿಗೆ ಒಂದು ಸಲ, ಎದುರುಬದುರು ಮನೆ ಗೋಡೆಯಿಂದ ಮನೆ ಗೋಡೆಗೆ ಅಗಲ ಹಿಡಿಯಲಿ. ಕೈತೋಟದ ಗೋಡೆಯಿಂದ ಹಿಡಿದರೆ ಪ್ರಯೋಜನ ಇಲ್ಲ, ಅದು ಆಮೇಲೆ ಬಂದದ್ದು. ಗೋಡೆ ಅಡ್ಡ ಬಂದರೆ ಬಾಗಿಲು ತೆಗೆದಿರುವ ಕಡೆ ಕೇಳಿ ಹಿಡಿಯಲಿ. ಹತ್ತು ಅಡಿ ಉದ್ದಕ್ಕೂ ಒಂದೇ ಸಮ ಇಳಿದಿದ್ದರೆ ಗೈಡ್ ಹೇಳಿದ್ದೇ ಸರಿ, ಹಗ್ಗ ಹಿಡಿದು ಬೇಕಂತಲೇ ಮಾಡಿದ್ದಾರೆ. ಒಂದು ಕಡೆ ನಾಲ್ಕಡಿ, ಮುಂದೆ ಏನೂ ಇಲ್ಲ, ಮತ್ತೆ ಆರಡಿ ಅಂತ ತುಂಡು ತುಂಡಾಗಿ ಇಳಿದಿದ್ದರೆ ಅದು ಹಳೇ ಜಮೀನಿನ ಗಡಿ. ಅಳತೆ ಕಾಗದದ ಮೇಲೆ ಪೆನ್ಸಿಲಲ್ಲಿ ಬರೆದುಕೊಳ್ಳಲಿ, ಮೊಬೈಲ್ ನಂಬಬೇಡ ಅನ್ನು. ಟೇಪ್ ಲೋಹದ್ದೇ ಇರಲಿ, ಬಟ್ಟೆಯದು ಮಳೆಗೆ ಜಗ್ಗುತ್ತದೆ. ಅಲ್ಲಿ ಮಳೆಗೆ ಹೊತ್ತು ಗೊತ್ತು ಅಂತಿಲ್ಲ.